ರಬ್ಬರಿನ ಮೇಲೆ ಕೂತ ಕಿವಿ

ಡ್ಯಾಶ್‌ಬೋರ್ಡಿನ ಹಳದಿ ದೀಪ ಆರಿದ ಮೇಲೆ ನನಗೆ ಹೆದರಿಕೆ ಶುರುವಾಯಿತು. ಅದು ಉರಿಯುತ್ತಿದ್ದಷ್ಟು ದಿನ ಹೆದರಿದವರು ಗಾಡಿಯಲ್ಲಿ ಕೂತವರು. ಆರಿದ ದಿನ ಅವರೆಲ್ಲ ನಿರಾಳವಾದರು, ನಮ್ಮ ಗ್ಯಾರೇಜಿನ ಉಸ್ತಾದರು ಚಹಾ ತರಿಸಿದರು. ನಾನೊಬ್ಬಳೇ ಲೋಟ ಕೈಯಲ್ಲಿ ಹಿಡಿದುಕೊಂಡು ಕುಡಿಯದೆ ನಿಂತೆ.

ಗಾಡಿ ನಮ್ಮ ಶಹಾಪುರದ ಗ್ಯಾರೇಜಿಗೆ ಬಂದದ್ದು ಅದಕ್ಕೆ ಎರಡು ದಿನ ಮೊದಲು, ಶನಿವಾರ. ಕಾಲುವೆ ಕೆಳಗಿನ ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿದು ಬರೀ ಕೂಳೆ ಉಳಿದಿದ್ದ ಕಾಲ. ಹಳೆಯ ಪೆಟ್ರೋಲ್ ಕಾರು. ಅದರ ಮಾಲೀಕನೂ ಡ್ರೈವರನೂ ಒಬ್ಬನೇ, ಕಕ್ಕೇರಾದವನು. ಅವನ ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಡಯಾಲಿಸಿಸ್‌ಗೆ ಅವರಿಗೆ ಸರದಿ ಸಿಕ್ಕಿದ್ದು ಯಾದಗಿರಿಯಲ್ಲಿ, ಮಂಗಳವಾರ ಮತ್ತು ಶುಕ್ರವಾರ. ಹೋಗುವಾಗ ಸುರಪುರದಲ್ಲಿ ಇನ್ನಿಬ್ಬರು ರೋಗಿಗಳನ್ನು ಹತ್ತಿಸಿಕೊಂಡು, ಶಹಾಪುರ ದಾಟಿ, ಭೀಮಾ ನದಿಯ ಸೇತುವೆ ಮೇಲಿಂದ ಯಾದಗಿರಿ ಸೇರುತ್ತಿದ್ದರು. ಹಿಂದಿನ ದಿನ ಶುಕ್ರವಾರ ದೀಪ ಹತ್ತಿಕೊಂಡಿತ್ತು. ಗಾಡಿಗೆ ಕಸುವೇ ಇರಲಿಲ್ಲ. ಶಹಾಪುರದಾಚೆ ಕಾಲುವೆ ಸೇತುವೆಯ ಏರಿನಲ್ಲಿ ಬಿಸಿಯಾಗಿ ನಿಂತೇಬಿಟ್ಟಿತು. ರೋಗಿಗಳು ಇಳಿದು ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು. ಬೆಳಗಿನ ಸರದಿ ತಪ್ಪಿ, ಸಂಜೆಯ ಸರದಿಯಲ್ಲಿ ಜಾಗ ಸಿಕ್ಕಿದ್ದೇ ಪುಣ್ಯವಾಯಿತು.

“ಒಂದು ಪಾಳಿ ಪೂರ್ತಿ ತಪ್ಪಿದ್ರ ಆಕಿಗೆ ಮಲಗಾಕ ಬರಂಗಿಲ್ರಿ ಉಸ್ತಾದ್,” ಎಂದ ಡ್ರೈವರಣ್ಣ. “ಗ್ವಾಡಿಗೆ ಆನಿಕೊಂಡು ಕೂಡ್ತಾಳ. ಎದಿಯಾಗ ನೀರು ಗುಳುಗುಳು ಅಂತದ. ಬಾಜೂಕ ಕುಂತು ನಾ ಕೇಳೀನಿ.”

ಬೇರೆ ಗಾಡಿ ನೋಡಬಹುದಿತ್ತಲ್ಲ ಎಂದು ಉಸ್ತಾದರು ಕೇಳಿದರು. ಲಗ್ನದ ದಿನಗಳು, ಒಂದು ಗಾಡಿಯೂ ಖಾಲಿ ಇರಲಿಲ್ಲ. ಬಸ್ಸಿನಲ್ಲಿ ಹೋಗುವಾಗ ಹೇಗೋ ಹೋಗಬಹುದು. ಯಂತ್ರದಿಂದ ಬಿಡಿಸಿದ ಮೇಲೆ ಆಕೆಗೆ ತಲೆ ಸುತ್ತುತ್ತದೆ, ಒಮ್ಮೆ ಬಸ್ ಸ್ಟ್ಯಾಂಡಿನಲ್ಲೇ ಬಿದ್ದಿದ್ದಳಂತೆ. ಮಂಗಳವಾರದೊಳಗೆ ಗಾಡಿ ಆಗಲೇಬೇಕಿತ್ತು.

ಸ್ಕ್ಯಾನರ್ ಹಚ್ಚಿದೆ. ನಾಕ್ ಸೆನ್ಸರಿನ ತಂತಿ ಕಡಿದಿದೆ ಎಂದು ತೋರಿಸಿತು. ಅದು ಏನು ಮಾಡುತ್ತದೆ ಎಂದು ಡ್ರೈವರಣ್ಣನಿಗೆ ನಾನು ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಎಂಜಿನ್ನಿನೊಳಗೆ ಕಿಡಿ ಹಾರಿದಾಗ ಪೆಟ್ರೋಲು ಒಂದು ಕಡೆಯಿಂದ ಸಮನಾಗಿ ಉರಿದು ಪಿಸ್ಟನ್ನನ್ನು ಕೆಳಗೆ ತಳ್ಳಬೇಕು. ಕಿಡಿ ತೀರ ಮುಂಚೆ ಬಂದರೆ, ಭಾರ ಹೆಚ್ಚಾದರೆ, ಪೆಟ್ರೋಲು ಕೆಟ್ಟದ್ದಿದ್ದರೆ, ಇನ್ನೊಂದು ಮೂಲೆಯಲ್ಲಿ ಅದು ತಾನಾಗಿ ಸಿಡಿಯುತ್ತದೆ. ತಳ್ಳುವ ಬದಲು ಸುತ್ತಿಗೆಯಿಂದ ಹೊಡೆದಂತೆ. ಅದೇ ನಾಕಿಂಗ್. ನಾಕ್ ಸೆನ್ಸರ್ ಒಂದು ಹರಳಿನ ತುಣುಕು, ಉಂಗುರದಂಥ ಕವಚದಲ್ಲಿ ಕೂತಿರುತ್ತದೆ. ಎಂಜಿನ್ನಿನ ಮೈಗೆ ಒಂದೇ ಬೋಲ್ಟಿನಿಂದ ಬಿಗಿದಿರುತ್ತಾರೆ. ಮೈ ನಡುಗಿದರೆ ಹರಳಿನಲ್ಲಿ ಚೂರು ವಿದ್ಯುತ್ತು ಹುಟ್ಟುತ್ತದೆ. ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ ಅದನ್ನು ಕೇಳಿಸಿಕೊಂಡು ಕಿಡಿಯನ್ನು ಸ್ವಲ್ಪ ತಡಮಾಡುತ್ತದೆ, ಸಿಡಿತ ನಿಲ್ಲುತ್ತದೆ. ತಂತಿ ಕಡಿದರೆ ಪೆಟ್ಟಿಗೆಗೆ ತಾನು ಕಿವುಡಾಗಿದ್ದೇನೆಂದು ಗೊತ್ತಾಗುತ್ತದೆ. ಆಗ ಅದು ಕಿಡಿಯನ್ನು ಪೂರ್ತಿ ತಡಮಾಡಿ, ದೀಪ ಹಚ್ಚಿ, ಹೆಜ್ಜೆ ನೋಡಿ ಇಡುವ ಮುದುಕನಂತೆ ಗಾಡಿ ನಡೆಸುತ್ತದೆ. ಕಸುವು ಹೋಗುತ್ತದೆ, ಎಂಜಿನ್ ಉಳಿಯುತ್ತದೆ.

ಸೆನ್ಸರ್ ಇದ್ದದ್ದು ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿ. ಅದೊಂದು ಗಾಳಿ ಹಂಚುವ ದೊಡ್ಡ ಕೊಳವೆಗಳ ಗೊಂಚಲು. ಅದನ್ನು ಬಿಚ್ಚದೆ ಕೈ ಹೋಗುವುದಿಲ್ಲ. ಬ್ಯಾಟರಿ ತಂತಿ ಕಳಚಿ, ಪೈಪುಗಳನ್ನು ಬಿಡಿಸಿ, ರಟ್ಟಿನ ಮೇಲೆ ಮ್ಯಾನಿಫೋಲ್ಡಿನ ಆಕಾರ ಬರೆದು, ಬಿಚ್ಚಿದ ಬೋಲ್ಟುಗಳನ್ನು ಅದರದರ ಜಾಗದಲ್ಲಿ ಚುಚ್ಚಿಟ್ಟೆ. ಏಳು ಬೋಲ್ಟು, ಎರಡು ನಟ್ಟು. ಎತ್ತಿದಾಗ ಅಡಿಯಲ್ಲಿ ಇಲಿಯ ಗೂಡಿತ್ತು: ಭತ್ತದ ಹೊಟ್ಟು, ಹತ್ತಿಯ ಎಳೆ, ಬಿಸ್ಕಿಟ್ ಪ್ಯಾಕೆಟ್ಟಿನ ಚೂರು. ಕೊಯ್ಲಾದ ಮೇಲೆ ಗದ್ದೆಯ ಇಲಿಗಳು ಬೆಚ್ಚಗಿನ ಜಾಗ ಹುಡುಕುತ್ತವೆ. ಸೆನ್ಸರಿನ ತಂತಿಯನ್ನು ಬುಡಕ್ಕೇ ಕಡಿದಿದ್ದವು. ತಂತಿ ಸೆನ್ಸರಿನ ಮೈಯಲ್ಲೇ ಎರಕವಾಗಿ ಬರುವುದರಿಂದ ಹೊಸದನ್ನೇ ಹಾಕಬೇಕು. ಕಲಬುರಗಿಗೆ ಫೋನ್ ಮಾಡಿದೆವು. ಭಾನುವಾರದ ಬಸ್ಸಿನಲ್ಲಿ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತೇವೆ ಎಂದರು.

ಭಾನುವಾರ ನಾನಿರಲಿಲ್ಲ. ಬಳಿಚಕ್ರದಲ್ಲಿ ನಮ್ಮ ಅಣ್ಣನ ಮಗುವನ್ನು ತೊಟ್ಟಿಲಿಗೆ ಹಾಕುವುದಿತ್ತು. ಸೋಮವಾರ ಬರುವಷ್ಟರಲ್ಲಿ ಉಸ್ತಾದರು ಸೆನ್ಸರ್ ಕೂರಿಸಿ, ಮ್ಯಾನಿಫೋಲ್ಡ್ ಬಿಗಿದು, ಗಾಡಿ ಶುರು ಮಾಡಿಟ್ಟಿದ್ದರು. ದೀಪ ಆರಿತ್ತು.

ಸುತ್ತಾಡಿಸಿ ನೋಡಲು ಮೂವರೂ ಹೋದೆವು. ಡ್ರೈವರಣ್ಣ ಓಡಿಸಿದ, ಉಸ್ತಾದರು ಮುಂದೆ, ನಾನು ಹಿಂದೆ. ಗಾಡಿ ಚಂಗನೆ ಎದ್ದಿತು. ಕಾಲುವೆ ಸೇತುವೆಯ ಏರನ್ನು ಮೂರನೇ ಗೇರಿನಲ್ಲೇ ಹತ್ತತೊಡಗಿತು. ಆಗ ಕೇಳಿಸಿತು. ತಗಡಿನ ಡಬ್ಬಿಯಲ್ಲಿ ನಾಲ್ಕು ಜೋಳದ ಕಾಳು ಹಾಕಿ ಅಲ್ಲಾಡಿಸಿದಂಥ ಸದ್ದು. ಏರು ಮುಗಿದ ಕೂಡಲೇ ನಿಂತಿತು.

ನಾನು ಹೇಳಿದೆ. ಉಸ್ತಾದರಿಗೂ ಕೇಳಿಸಿತ್ತು, ಅವರು ಸುಳ್ಳು ಹೇಳುವವರಲ್ಲ. ಪೆಟ್ರೋಲು ಖರಾಬಾಗಿರಬೇಕು, ಟ್ಯಾಂಕು ಖಾಲಿ ಮಾಡಿ ಬೇರೆ ಕಡೆ ತುಂಬಿಸು ಎಂದರು. ಡ್ರೈವರಣ್ಣ ಕನ್ನಡಿಯಲ್ಲಿ ನನ್ನ ಮುಖ ನೋಡಿದ.

“ತಂಗಿ, ನಿಂಗ ದೀಪ ಹತ್ತಿದ್ರೂ ಹೆದರಿಕಿ, ಆರಿದ್ರೂ ಹೆದರಿಕಿ. ನಮ್ಮತ್ತಿ ಹಿಂಗಽ ಇದ್ಳು.”

ಗ್ಯಾರೇಜಿಗೆ ಮರಳಿದ ಮೇಲೆ ತರಿಸಿದ್ದು ಆ ಚಹಾ. ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಪೆಟ್ರೋಲು ಕೆಟ್ಟದ್ದೇ ಇರಲಿ, ಸದ್ದು ಒಂದು ಕ್ಷಣ ಬಂದು ನಿಲ್ಲಬೇಕಿತ್ತು. ಕೇಳಿಸಿಕೊಂಡು ನಿಲ್ಲಿಸುವುದಕ್ಕೇ ಹೊಸ ಸೆನ್ಸರ್ ಹಾಕಿದ್ದು. ಅದು ಏರಿನ ಉದ್ದಕ್ಕೂ ಬಂತು. ಮತ್ತೆ ಸ್ಕ್ಯಾನರ್ ಹಚ್ಚಿದೆ. ಯಾವ ದೋಷವೂ ಇಲ್ಲ ಎಂದಿತು.

ನಮ್ಮ ಗ್ಯಾರೇಜಿನ ಗೋಡೆಗೂಡಿನಲ್ಲಿ ಒಂದು ಸತ್ತ ಪಿಸ್ಟನ್ ಇದೆ. ಅದರ ತಲೆಯ ಅಂಚಿನಲ್ಲಿ ಹೆಬ್ಬೆರಳು ತೂರುವಷ್ಟು ತೂತು, ಸುತ್ತ ಲೋಹ ಕರಗಿ ಬೆಲ್ಲದಂತೆ ಇಳಿದಿದೆ. ನಾಕಿಂಗನ್ನು ಲೆಕ್ಕಿಸದೆ ಓಡಿಸಿದ ಗಾಡಿಯದು. ದಿನಾ ಅದರಲ್ಲೇ ಸಣ್ಣ ನಟ್ಟು ಹಾಕಿಡುವ ನಾನು ಆ ಸೋಮವಾರ ಅದನ್ನು ಮುಟ್ಟಲಿಲ್ಲ.

ಮಂಗಳವಾರ ಹೊಸ ಪೆಟ್ರೋಲು ತುಂಬಿಸಿಕೊಂಡು ಅವರು ಹೋಗಿಬಂದರು. ಗಾಡಿ ಕುದುರೆಯಂತೆ ಓಡಿತು ಎಂದು ಡ್ರೈವರಣ್ಣ ಫೋನ್ ಮಾಡಿದ. ಸದ್ದು ಬಂತೇ ಎಂದರೆ, ಹಾಡು ಹಚ್ಚಿದ್ದೆ, ಕೇಳಿಸಲಿಲ್ಲ ಎಂದ. ನಾನು ದಿನಕ್ಕೊಂದು ಪುಟ ಬರೆಯುತ್ತೇನೆ: ಯಾವ ವಾರ, ಯಾವ ಗಾಡಿ, ಏನು ಬಿಚ್ಚಿದೆ, ಏನು ಹಾಕಿದೆ. ಆ ದಿನದ ಪುಟದಲ್ಲಿ “ಶುಕ್ರವಾರ ಜೊತೆಗೆ ಹೋಗಬೇಕು” ಎಂಬ ಒಂದೇ ಸಾಲು ಇದೆ.

ಶುಕ್ರವಾರ ಅವರು ಶಹಾಪುರಕ್ಕೆ ಬಂದಾಗ ಹತ್ತಿಕೊಂಡೆ. ಹಿಂದಿನ ಸೀಟಿನಲ್ಲಿ ಸುರಪುರದ ಇಬ್ಬರ ನಡುವೆ ಜಾಗ ಮಾಡಿಕೊಟ್ಟರು. ಡ್ರೈವರಣ್ಣನ ಹೆಂಡತಿ ಮುಂದಿನ ಸೀಟಿನಲ್ಲಿ, ಎಡಗೈಯನ್ನು ತೊಡೆಯ ಮೇಲೆ ಮಗುವನ್ನು ಮಲಗಿಸಿದಂತೆ ಇಟ್ಟುಕೊಂಡಿದ್ದಳು. ಸೂಜಿ ಚುಚ್ಚುವ ಕೈ ಅದು. ನಾನು ಆಕೆಯನ್ನು ಅಕ್ಕ ಎಂದೇ ಕರೆದೆ. ಹಾಡು ಬೇಡ ಎಂದು ಕೇಳಿಕೊಂಡೆ. ಐದು ಜನರ ಭಾರ. ಕಾಲುವೆ ಸೇತುವೆಯ ಏರಿನಲ್ಲಿ ಕಾಳು ಅಲ್ಲಾಡಿತು. ಸೋಮವಾರಕ್ಕಿಂತ ಗಟ್ಟಿಯಾಗಿ. ಆಕ್ಸಿಲರೇಟರ್ ಒತ್ತಬೇಡ ಅಣ್ಣಾ ಎಂದೆ. ಆತ ಬಿಟ್ಟ, ಸದ್ದು ನಿಂತಿತು. ಒತ್ತಿದ, ಮತ್ತೆ ಬಂತು. ಆಮೇಲೆ ಸಿಕ್ಕ ಪ್ರತಿ ಏರಿನಲ್ಲೂ ಹಾಗೆಯೇ. ನನ್ನ ಕಣ್ಣ ಮುಂದೆ ತೂತು ಬಿದ್ದ ಪಿಸ್ಟನ್. ಇಲ್ಲಿ ಒಡೆದರೆ ಎರಡೂ ಕಡೆ ಗದ್ದೆ, ನೆರಳಿಲ್ಲ; ಇಲ್ಲಿ ಒಡೆದರೆ ಒಂದು ಕಿರಾಣಿ ಅಂಗಡಿಯಾದರೂ ಇದೆ. ಹೀಗೆ ಲೆಕ್ಕ ಹಾಕುತ್ತ ಭೀಮಾ ಸೇತುವೆ ದಾಟಿದೆ. ನೀರು ನೋಡಿದ ನೆನಪಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ ಡ್ರೈವರಣ್ಣ ಚೀಟಿ ತೋರಿಸಲು ಒಳಗೆ ಹೋದಾಗ ಅಕ್ಕ ನನ್ನ ಕಡೆ ತಿರುಗಿದಳು.

“ನಿಂಗೂ ಆ ಸದ್ದು ಕೇಳಸ್ತಲ್ಲ?”

ಕೇಳಿಸಿತು ಎಂದೆ.

“ಮಂಗಳವಾರದಿಂದ ನಾ ಕೇಳಾಕತ್ತೀನಿ. ಹೇಳಿದ್ರ ಇವ ಗಾಡಿ ನಿಲ್ಲಸ್ತಾನ. ನಿಲ್ಸಿದ್ರ ಪಾಳಿ ತಪ್ತದ. ಅದಕ್ಕ ಸುಮ್ಮ ಕುಂತೀನಿ.” ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. “ಒಡಿಯೂದಿದ್ರ ಬರೂ ಮುಂದ ಒಡೀಲಿ. ಹೋಗೂ ಮುಂದ ಬ್ಯಾಡ.”

ಆಕೆಯನ್ನು ಯಂತ್ರಕ್ಕೆ ಹಚ್ಚಿದ ನಾಲ್ಕು ತಾಸು ನಾನು ಬೇವಿನ ಮರದ ಕೆಳಗೆ ಬಾನೆಟ್ ಎತ್ತಿಕೊಂಡು ನಿಂತೆ. ಬಿಚ್ಚಲು ಆಗುತ್ತಿರಲಿಲ್ಲ, ಹತಾರಗಳಿರಲಿಲ್ಲ. ಪೆಟ್ಟಿಗೆ ದೋಷವಿಲ್ಲ ಎನ್ನುತ್ತಿದೆ. ಅಂದರೆ ತಂತಿ ಸರಿ ಇದೆ, ಹರಳು ಸರಿ ಇದೆ. ಆದರೂ ಅದಕ್ಕೆ ಕೇಳಿಸುತ್ತಿಲ್ಲ. ಮೊದಲು ಕಿವುಡಾದಾಗ ತಾನು ಕಿವುಡೆಂದು ಅದಕ್ಕೆ ಗೊತ್ತಿತ್ತು, ಹುಷಾರಾಗಿತ್ತು. ಈಗ ಎಲ್ಲ ಶಾಂತವಾಗಿದೆ ಎಂದುಕೊಂಡು ಕಿಡಿಯನ್ನು ಮುಂದೆ ಮುಂದೆ ತರುತ್ತಿದೆ. ನಾವು ರಿಪೇರಿ ಮಾಡಿ ಗಾಡಿಯನ್ನು ಇನ್ನಷ್ಟು ಅಪಾಯಕ್ಕೆ ತಳ್ಳಿದ್ದೆವು.

ಹಾಗಾದರೆ ಮಾಡಬೇಕಾದದ್ದು ಒಂದೇ: ಅದನ್ನು ಮತ್ತೆ ಹೆದರಿಸಬೇಕು. ಸೆನ್ಸರಿನ ತಂತಿಯ ಜೋಡಣೆ ಮೇಲೆಯೇ, ಕೈಗೆ ಸಿಗುವಂತೆ ಇತ್ತು. ಹಿಡಿದು ಎಳೆದೆ, ಬಿಟ್ಟುಬಂತು. ತುದಿಗೆ ಪ್ಲಾಸ್ಟಿಕ್ ಸುತ್ತಿ ಕಟ್ಟಿದೆ.

ಡ್ರೈವರಣ್ಣ ಬಂದು ಕೀ ತಿರುಗಿಸಿ ಸ್ವಲ್ಪ ಹೊತ್ತು ರೇಸ್ ಮಾಡಿದಾಗ ಹಳದಿ ದೀಪ ಹತ್ತಿತು. ನಾನು ವಿವರಿಸಿದೆ. ಅರ್ಧ ಕೇಳಿದ.

“ಅಂದ್ರ ಇದನ್ನ ನೀನಽ ಹಚ್ಚೀದಿ?” ಎಂದ. “ದೀಪ ಆರಸಾಕ ನಾ ನಿಮ್ಮ ಬಾಗಿಲಿಗೆ ಬಂದಿದ್ದೆ ತಂಗಿ. ನೀ ಹಚ್ಚಾಕ ಇಲ್ಲೀತನ ಬಂದೇನು?”

ಗಾಡಿ ನಿಧಾನ ಹೋಗುತ್ತದೆ, ಆದರೆ ಒಡೆಯುವುದಿಲ್ಲ ಎಂದೆ. ಆದರೂ ಹಿಂದಿನ ವಾರ ಇದೇ ಸ್ಥಿತಿಯಲ್ಲಿ ಗಾಡಿ ಬಿಸಿಯಾಗಿ ನಿಂತದ್ದು ನನಗೂ ಗೊತ್ತಿತ್ತು. ಅಕ್ಕ ಹೊರಗೆ ಬಂದಳು. ತುಟಿ ಬಿಳಿಚಿತ್ತು. ದೀಪ ನೋಡಿದಳು, ನನ್ನನ್ನು ನೋಡಿದಳು, ಹತ್ತಿ ಕೂತು ಕಣ್ಣು ಮುಚ್ಚಿದಳು.

ಎಲ್ಲ ಕಿಟಕಿ ತೆರೆದು, ಏರುಗಳಲ್ಲಿ ಎರಡನೇ ಗೇರಿನಲ್ಲಿ, ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಎಂಜಿನ್ ಆರಿಸಿಕೊಂಡು ಬಂದೆವು. ಎತ್ತಿನ ಗಾಡಿಯೊಂದು ನಮ್ಮ ಮುಂದಿತ್ತು. ಅದನ್ನು ದಾಟಲೂ ಡ್ರೈವರಣ್ಣ ಧೈರ್ಯ ಮಾಡಲಿಲ್ಲ. ಕಾಳಿನ ಸದ್ದು ಒಮ್ಮೆಯೂ ಬರಲಿಲ್ಲ. ಹೊತ್ತು ಮುಳುಗುವಾಗ ಶಹಾಪುರ ಮುಟ್ಟಿದೆವು. ಸುರಪುರದ ಇಬ್ಬರು ಬಸ್ಸು ಹಿಡಿದರು. ಡ್ರೈವರಣ್ಣ ಹೆಂಡತಿಯನ್ನು ಊರ ಕಡೆ ಹೊರಟಿದ್ದ ಪರಿಚಯದವರ ಜೀಪಿನಲ್ಲಿ ಕೂರಿಸಿ ಕಳಿಸಿ, ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟ.

ಉಸ್ತಾದರಿಗೆ ನಾನು ಕೇಳಿದ್ದು ಇಷ್ಟೇ: ಸೆನ್ಸರ್ ಹೇಗೆ ಕೂರಿಸಿದಿರಿ?

“ಬರೋಬರ್ ಕೂಡಿಸೀನಿ. ಅಡಿಗೆ ಟ್ಯೂಬ್ ವಾಯ್ಸರ್ ಹಾಕೀನಿ, ಬೋಲ್ಟಿಗೆ ಲಾಕ್ ಗಮ್ಮು ಹಾಕಿ ಜಾಮ್ ಮಾಡೀನಿ. ನಮ್ಮ ರಸ್ತೆಕ್ಕ ಹತ್ತು ವರ್ಷ ಅಲ್ಲಾಡಂಗಿಲ್ಲ.”

ಟ್ಯೂಬ್ ವಾಯ್ಸರ್ ಎಂದರೆ ಹಳೆಯ ಸೈಕಲ್ ಟ್ಯೂಬನ್ನು ದುಂಡಗೆ ಕತ್ತರಿಸಿ ಮಾಡಿದ ರಬ್ಬರಿನ ಬಿಲ್ಲೆ. ಉಸ್ತಾದರು ಕೆಲಸ ಕಲಿತದ್ದು ಕಾಲುವೆ ತೋಡುವ ಕಾಲದಲ್ಲಿ, ಮಣ್ಣು ಹೊರುವ ಟಿಪ್ಪರುಗಳ ಮೇಲೆ. ಎರೆನೆಲದಲ್ಲಿ, ಮೊರಮಿನ ಕಚ್ಚಾ ದಾರಿಯಲ್ಲಿ ದಿನವಿಡೀ ಕುಣಿಯುತ್ತಿದ್ದ ಆ ಗಾಡಿಗಳಲ್ಲಿ ಯಾವ ಭಾಗವನ್ನು ಕಬ್ಬಿಣಕ್ಕೆ ಕಬ್ಬಿಣ ಹಚ್ಚಿ ಬಿಗಿದರೂ ಆರು ತಿಂಗಳಿಗೆ ಸೀಳುತ್ತಿತ್ತಂತೆ. ಹಾರ್ನಿನಿಂದ ಹಿಡಿದು ಬ್ಯಾಟರಿ ಪೆಟ್ಟಿಗೆಯವರೆಗೆ ಎಲ್ಲದರ ಅಡಿಗೂ ರಬ್ಬರು ಕೊಡುವುದನ್ನು ಅಲ್ಲಿ ಕಲಿತವರೆಲ್ಲ ಊರೂರಿಗೆ ತಂದರು. ನಮ್ಮ ಭಾಗದ ಯಾವ ಗ್ಯಾರೇಜಿಗೆ ಹೋದರೂ ಮೊಳೆಗೆ ತೂಗುಬಿಟ್ಟ ಟ್ಯೂಬು ಇರುತ್ತದೆ. ಅದರಿಂದ ಉಳಿದ ಗಾಡಿಗಳು ಸಾವಿರ. ಆದರೆ ನಡುಕವನ್ನು ಕೇಳಲೆಂದೇ ಕೂರಿಸಿದ ಒಂದು ವಸ್ತುವಿನ ಕೆಳಗೂ ಅದು ಹೋಗಿತ್ತು.

ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಅವರು ನನಗೆ ಅನ್ನ ಹಾಕುವವರು. ಎಂಜಿನ್ ಒಳಗಿನ ಸದ್ದು ನೋಡಬೇಕಾದಾಗ ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಾರೆ. ಅದನ್ನೇ ತಂದುಕೊಟ್ಟು ಗಾಡಿ ಶುರು ಮಾಡಿದೆ. ಅವರು ಕೇಳುತ್ತಿದ್ದಾಗ ತುದಿಯ ಕೆಳಗೆ ಟ್ಯೂಬಿನ ಚೂರು ಸರಿಸಿದೆ.

ಅವರು ಕಿವಿ ತೆಗೆಯಲಿಲ್ಲ. ಚೂರನ್ನು ತಾವೇ ಎಳೆದು ನೋಡಿದರು, ಮತ್ತೆ ಇಟ್ಟು ನೋಡಿದರು.

“ಸ್ವಲ್ಪ ಕೇಳಸ್ತದಲ್ಲ,” ಎಂದರು.

“ಮೂವತ್ತು ವರ್ಷದ ಕಿವಿ ನಿಮ್ದು, ಅದಕ್ಕ ನಿಮಗ ಕೇಳಸ್ತದ್ರಿ. ಸೆನ್ಸರಿಗೆ ಕೇಳಸಂಗಿಲ್ಲ.”

ಅವರು ಸ್ಕ್ರೂಡ್ರೈವರನ್ನು ಪ್ಯಾಂಟಿಗೆ ಒರೆಸಿದರು. ಶಟರ್ ಎಳೆದರು. ಮರುದಿನ ಶನಿವಾರ ನಾನು ಬರುವಷ್ಟರಲ್ಲಿ ಬ್ಯಾಟರಿ ತಂತಿ ಕಳಚಿಟ್ಟಿದ್ದರು.

ಮ್ಯಾನಿಫೋಲ್ಡ್ ಎತ್ತಿದೆವು. ಸೆನ್ಸರಿನ ಸುತ್ತ ಕಪ್ಪು ರಬ್ಬರು ಹಿಂಡಿ ಹೊರಬಂದಿತ್ತು. ಬೋಲ್ಟಿಗೆ ಪಾನಾ, ಅಂದರೆ ಸ್ಪ್ಯಾನರ್, ಹಾಕಿ ಸಡಿಲಿಸಲು ಎಳೆದೆ. ಗಮ್ಮು ಗಟ್ಟಿಯಾಗಿತ್ತು. ಇನ್ನೂ ಸ್ವಲ್ಪ ಎಳೆದೆ. ಟಕ್ ಎಂದಿತು, ಪಾನಾ ಹಗುರವಾಯಿತು. ಒಂದು ಗಳಿಗೆ, ಸಡಿಲಾಯಿತು ಎಂದುಕೊಂಡೆ. ಬೋಲ್ಟಿನ ತಲೆ ಪಾನಾದೊಳಗೆ ಬಂದಿತ್ತು. ಉಳಿದರ್ಧ ಎಂಜಿನ್ನಿನ ಮೈಯಲ್ಲಿ, ಮೇಲ್ಮಟ್ಟಕ್ಕಿಂತ ಚೂರು ಒಳಗೇ ಮುರಿದುಕೊಂಡಿತ್ತು. ಕೆಳಗೆ ರಬ್ಬರಿದ್ದರೆ ಬೋಲ್ಟು ಬಿಗಿಯಾಯಿತೆಂದು ಕೈಗೆ ತಿಳಿಯುವುದಿಲ್ಲ, ತಿರುಗಿಸುತ್ತಲೇ ಹೋಗುತ್ತೇವೆ. ಹಾಗೆ ಎಳೆದೆಳೆದು ಅದರ ಕೊರಳು ಸಣ್ಣಗಾಗಿತ್ತು.

ಆ ತೂತಿನ ಹಿಂದೆ, ತೆಳ್ಳನೆಯ ಗೋಡೆಯಾಚೆ, ಎಂಜಿನ್ ತಂಪು ಮಾಡುವ ನೀರು ಹರಿಯುತ್ತದೆ. ಮುರಿದ ತುಂಡನ್ನು ತೆಗೆಯಲು ಅದರ ನಡುಮಧ್ಯೆ ಸಣ್ಣ ತೂತು ಕೊರೆದು, ಎಡಕ್ಕೆ ತಿರುಗುವ ಎಕ್ಸ್‌ಟ್ರಾಕ್ಟರ್ ಕಚ್ಚಿಸಿ ತಿರುಗಿಸಬೇಕು. ಡ್ರಿಲ್ಲು ಆಳ ಹೋಗಿ ಗೋಡೆ ತೂತಾದರೆ ಎಂಜಿನ್ ಮುಗಿಯಿತು. ಆ ಗಾಡಿ ಮಂಗಳವಾರ ಎಲ್ಲಿಗೂ ಹೋಗುವುದಿಲ್ಲ. ಕೊರೆಯದೆ ಬಿಟ್ಟರೆ ದೀಪ ಹಚ್ಚಿಕೊಂಡು ಕುಂಟುತ್ತ ಹೋದೀತು, ಹೋಗದೆಯೂ ಇದ್ದೀತು.

ಡ್ರೈವರಣ್ಣನನ್ನು ಕರೆಸಿದೆವು. ಉಸ್ತಾದರು ಏನನ್ನೂ ಮುಚ್ಚಿಡಲಿಲ್ಲ. ರಬ್ಬರು ತಾವೇ ಹಾಕಿದ್ದು, ಬೋಲ್ಟು ಅದರಿಂದಲೇ ಮುರಿದದ್ದು ಎಂದು ಹೇಳಿ, ಎರಡು ದಾರಿಯನ್ನೂ ಮುಂದಿಟ್ಟರು. ಅವನು ಬಗ್ಗಿ ಎಂಜಿನ್ನಿನೊಳಗೆ ತುಂಬ ಹೊತ್ತು ನೋಡಿದ, ಅಲ್ಲಿ ಅವನಿಗೆ ಏನು ಕಂಡಿತೋ.

“ನಿಮ್ಮ ಮನಿ ಹೆಣ್ಮಗಳು ಕೂಡೂ ಗಾಡಿ ಆಗಿದ್ರ ಏನ್ ಮಾಡ್ತಿದ್ರಿ?” ಎಂದು ಕೇಳಿದ.

ಉಸ್ತಾದರು ಪಾನಾ ಕೆಳಗಿಟ್ಟರು. ಆಮೇಲೆ “ಕೊರೀತಿದ್ದೆ” ಎಂದರು.

“ಹಂಗಾದ್ರ ಕೊರೀರಿ. ನಾ ಹೊರಗ ಕೂಡ್ತೀನಿ. ನನ್ನಿಂದ ನೋಡಾಕ ಆಗಂಗಿಲ್ಲ.”

ಆ ದಿನ ಕೊರೆಯಲಿಲ್ಲ. ಸರಿಯಾದ ಅಳತೆಯ ಎಕ್ಸ್‌ಟ್ರಾಕ್ಟರ್ ಇರಲಿಲ್ಲ. ಸುರಪುರದ ಒಂದು ಲೇತ್ ಅಂಗಡಿಯಿಂದ ತರುವಷ್ಟರಲ್ಲಿ ಬೆಳಕು ಕಡಿಮೆಯಾಗಿತ್ತು. ಬೆಳಕಿಲ್ಲದೆ ಆಗದು ಎಂದರು ಉಸ್ತಾದರು. ಭಾನುವಾರ ಬೆಳಿಗ್ಗೆ ಗಾಡಿಯನ್ನು ತಳ್ಳಿ ಬಿಸಿಲಿಗೆ ಒಡ್ಡಿದೆವು. ಉಸ್ತಾದರು ಬೇರೆ ಬೋಲ್ಟು ಹಾಕಿದ್ದರಿಂದ ಹಳೆಯ ಸೆನ್ಸರಿನ ಜೊತೆ ಉಳಿದಿದ್ದ ಕಂಪನಿಯ ಬೋಲ್ಟಿನ ಉದ್ದ ಅಳೆದು, ಅದಕ್ಕಿಂತ ಸಾಕಷ್ಟು ಕಡಿಮೆ ಇರುವಂತೆ ಡ್ರಿಲ್ ಬಿಟ್ಟಿಗೆ ಕೆಂಪು ಟೇಪು ಸುತ್ತಿದೆ. ಟೇಪು ಮುಟ್ಟಿದಲ್ಲಿ ನಿಲ್ಲಬೇಕು. ದಪ್ಪ ಸೋಲ್ಡರಿಂಗ್ ಕಬ್ಬಿಣವನ್ನು ಮುರಿದ ತುಂಡಿಗೆ ಒತ್ತಿ ಹಿಡಿದು ಗಮ್ಮು ಮೆತ್ತಗಾಗುವಂತೆ ಕಾಯಿಸಿದೆವು. ಪೆಟ್ರೋಲ್ ಪೈಪಿನ ಬಾಯಿಗೆ ಒದ್ದೆ ಬಟ್ಟೆ ಸುತ್ತಿ, ಮರಳಿನ ಬಕೆಟ್ಟನ್ನು ನನ್ನ ಕಾಲ ಬಳಿ ಇಟ್ಟುಕೊಂಡಿದ್ದೆ.

ಕೊರೆದದ್ದು ಉಸ್ತಾದರು. ನಾನು ಬದಿಯಿಂದ ನೋಡಿ ಡ್ರಿಲ್ಲು ನೇರ ಇದೆಯೇ ಎಂದು ಹೇಳಬೇಕಿತ್ತು. ಮೇಲೆ, ಎಡಕ್ಕೆ, ಸರಿ, ಸರಿ ಎನ್ನುತ್ತಿದ್ದೆ. ಅವರು ಸ್ವಲ್ಪ ಕೊರೆದು ನಿಲ್ಲಿಸುವುದು, ಪುಡಿ ಊದುವುದು, ಬೆರಳಿನಿಂದ ಸವರುವುದು. ಬರುತ್ತಿದ್ದದ್ದು ಬೋಲ್ಟಿನ ಹೊಳೆಯುವ ಸುರುಳಿ. ಎಂಜಿನ್ನಿನ ಬೀಡು ಕಬ್ಬಿಣದ ಕಪ್ಪು ಪುಡಿ ಬಂದರೆ ದಾರಿ ತಪ್ಪಿದೆವು ಎಂದರ್ಥ. ನಾನು ಆ ಪುಡಿಯ ಬಣ್ಣವನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಕೆಂಪು ಟೇಪಿಗೆ ಇನ್ನೂ ಚೂರು ಇರುವಾಗಲೇ ಉಸ್ತಾದರು ನಿಲ್ಲಿಸಿದರು.

ಎಕ್ಸ್‌ಟ್ರಾಕ್ಟರ್ ಕಚ್ಚಿತು. ಅದು 'ಕಿರ್' ಎಂದಾಗ ಅವರು ಕೈ ಬಿಟ್ಟರು. ಮತ್ತೆ ಕಾಯಿಸಿದೆವು. ಮತ್ತೆ ಹಿಡಿದರು. ಈ ಸಲ ತುಂಡು ತಿರುಗಿತು, ಎಷ್ಟು ನಿಧಾನವೆಂದರೆ ನಾನು ನಂಬಲಿಲ್ಲ. ಹೊರಬಂದ ತುಂಡು ಅವರ ಅಂಗೈಯಲ್ಲಿ ಬಿದ್ದಾಗಲೂ ನಾನು ತೂತಿನೊಳಗೆ ಟಾರ್ಚು ಬಿಟ್ಟು ನೀರು ಜಿನುಗುತ್ತಿದೆಯೇ ಎಂದು ನೋಡುತ್ತಿದ್ದೆ. ಒಣಗಿತ್ತು.

ಡ್ರೈವರಣ್ಣನಿಗೆ ಹೇಳಲು ಹೊರಗೆ ಹೋದೆ. ಅವನು ಪಕ್ಕದ ಅಡತಿ ಅಂಗಡಿಯ ಹತ್ತಿ ತುಂಬಿದ ಅಂಡಿಗೆ ಚೀಲದ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದ. ಎಬ್ಬಿಸಲಿಲ್ಲ.

ಆ ಅಂಗಡಿಯಿಂದಲೇ ನಾನು ತೂಗುವ ಸ್ಪ್ರಿಂಗ್ ತಕ್ಕಡಿ ಕೇಳಿ ತಂದೆ. ಸೆನ್ಸರ್ ಬೋಲ್ಟನ್ನು ಅಂದಾಜಿನ ಮೇಲೆ ಬಿಗಿಯುವಂತಿಲ್ಲ. ಸಡಿಲಾದರೆ ಕೇಳಿಸುವುದಿಲ್ಲ, ಅತಿ ಬಿಗಿಯಾದರೆ ಹರಳು ಒತ್ತಿ ಬೇರೆಯೇ ಕೇಳಿಸುತ್ತದೆ. ಅಷ್ಟು ಸಣ್ಣ ಬಿಗಿ ತೋರಿಸುವ ಟಾರ್ಕ್ ಪಾನಾ ನಮ್ಮಲ್ಲಿರಲಿಲ್ಲ. ಆ ಬೋಲ್ಟಿಗೆ ಬೇಕಾದ್ದು ಇಪ್ಪತ್ತು ನ್ಯೂಟನ್ ಮೀಟರ್. ಬೋಲ್ಟಿನಿಂದ ಇಪ್ಪತ್ತು ಸೆಂಟಿಮೀಟರ್ ದೂರದಲ್ಲಿ ಪಾನಾಕ್ಕೆ ಕೊಕ್ಕೆ ಸಿಕ್ಕಿಸಿ ನೆಟ್ಟಗೆ ಎಳೆದರೆ, ತಕ್ಕಡಿಯ ಮುಳ್ಳು ಹತ್ತು ಕಿಲೋ ತೋರಿಸಿದಾಗ ಅಷ್ಟು ಬಿಗಿ ಬಂದಂತೆ. ಸೆನ್ಸರ್ ಕೂರುವ ಜಾಗವನ್ನು ಎಮರಿ ಕಾಗದದಿಂದ ಉಜ್ಜಿ, ರಬ್ಬರಿನ ಕಲೆ, ತುಕ್ಕು, ಎಣ್ಣೆ ಎಲ್ಲ ಹೋಗಿ ಬೆಳ್ಳಗೆ ಹೊಳೆಯುವವರೆಗೆ ಒರೆಸಿದೆ. ರಬ್ಬರಿನ ಮೇಲೆ ಕೂತಿದ್ದ ಸೆನ್ಸರನ್ನು ಮೀಟರಿಗೆ ಹಚ್ಚಿ ಮೆಲ್ಲಗೆ ತಟ್ಟಿದೆ, ಅಂಕಿ ಹಾರಿತು, ಅದು ಕೆಟ್ಟಿರಲಿಲ್ಲ. ಲೋಹಕ್ಕೆ ಲೋಹ ಹಚ್ಚಿ, ಕಂಪನಿಯ ಹಳೆಯ ಬೋಲ್ಟನ್ನು ಗಮ್ಮಿಲ್ಲದೆ ಹಾಕಿದೆ. ಉಸ್ತಾದರು ತಕ್ಕಡಿ ಎಳೆದರು, ನಾನು ಮುಳ್ಳು ನೋಡಿದೆ. ಹತ್ತಕ್ಕೆ ಸಾಕು ಎಂದೆ. ಅವರ ಕೈ ಇನ್ನೊಂದು ಚೂರು ಎಳೆಯಲು ಹವಣಿಸಿದ್ದು ಕಂಡಿತು, ನಿಂತಿತು.

ಸೋಮವಾರ ಮ್ಯಾನಿಫೋಲ್ಡ್ ಹಾಕಿದೆವು. ಗಾಡಿ ಶುರು ಮಾಡಿ, ಸ್ಕ್ಯಾನರಿನಲ್ಲಿ ಕಿಡಿಯ ಸಮಯ ತೋರಿಸುವ ಅಂಕಿ ತೆಗೆದು, ಎಂಜಿನ್ ಸ್ವಲ್ಪ ಏರಿಸಿ ಹಿಡಿದೆ. ಉಸ್ತಾದರು ಸಣ್ಣ ಸುತ್ತಿಗೆಯಿಂದ ಎಂಜಿನ್ ಎತ್ತುವ ಕೊಕ್ಕೆಯ ಬುಡಕ್ಕೆ ಟಕಟಕ ತಟ್ಟಿದರು. ಅಂಕಿ ಕೆಳಗಿಳಿಯಿತು, ಪೆಟ್ಟಿಗೆಗೆ ಕೇಳಿಸಿ ಅದು ಕಿಡಿಯನ್ನು ತಡಮಾಡಿತ್ತು. ತಟ್ಟುವುದು ನಿಲ್ಲಿಸಿದರು, ಅದು ಮೆಲ್ಲಗೆ ಮೇಲೆ ಬಂತು. ದೀಪ ಹತ್ತಲಿಲ್ಲ. ಉಸ್ತಾದರು ಮತ್ತೆ ತಟ್ಟಿದರು, ಮತ್ತೆ ನೋಡಿದರು. ಬೇಕಾದ್ದಕ್ಕಿಂತ ಹೆಚ್ಚು ಸಲ ತಟ್ಟಿದರು.

ಏರಿನಲ್ಲಿ ಮೂವರೇ ಕೂತು ಓಡಿಸಿ ನೋಡಿದಾಗ ಸದ್ದಿರಲಿಲ್ಲ. ಆದರೆ ಮೂವರ ಭಾರ ಬೇರೆ, ಮಂಗಳವಾರದ ಭಾರ ಬೇರೆ. ಬೆಳಿಗ್ಗೆ ರೋಗಿಗಳನ್ನು ಕೂರಿಸಿಕೊಂಡು ಗಾಡಿ ಗ್ಯಾರೇಜಿನ ಮುಂದೆ ನಿಂತಾಗ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಉಸ್ತಾದರು ತಡೆದರು.

“ನೀ ಕುಂತ್ರ ಅವರೆಲ್ಲ ನಿನ್ನ ಮಾರಿ ನೋಡ್ಕೋತ ಹೋಗ್ತಾರ. ಹಂಗ ಯಾದಗಿರಿತನ ಜೀವ ತಿನಬ್ಯಾಡ.”

ಗಾಡಿ ಹೋಯಿತು. ಆ ಹೊತ್ತಿಗೆ ಒಂದು ಟ್ರ್ಯಾಕ್ಟರಿನ ಕೆಲಸವಿತ್ತು. ಒಂದೇ ನಟ್ಟನ್ನು ಹಾಕಿ ಬಿಚ್ಚಿ ಹಾಕಿದೆ. ಕಾಲುವೆ ಸೇತುವೆ ದಾಟಿರಬೇಕು. ಭೀಮಾ ಸೇತುವೆ ದಾಟಿರಬೇಕು. ಮುಟ್ಟುವ ಹೊತ್ತು ಕಳೆಯಿತು, ಫೋನ್ ಬರಲಿಲ್ಲ. ನಾನು ಮಾಡಿದೆ, ಡ್ರೈವರಣ್ಣ ಎತ್ತಲಿಲ್ಲ. ಮತ್ತೆ ಮಾಡಿದೆ. ಉಸ್ತಾದರು ಸುತ್ತಿಗೆ ಕೆಳಗಿಟ್ಟು ರಸ್ತೆಯ ಕಡೆ ನೋಡಿದರು, ಗಾಡಿ ಅಲ್ಲೇ ನಿಂತಿರುವುದೋ ಎನ್ನುವಂತೆ. ಯಾರನ್ನು ಕಳಿಸುವುದು, ಯಾರ ಜೀಪು ಕೇಳುವುದು ಎಂದು ಮಾತಾಡತೊಡಗಿದೆವು.

ಫೋನ್ ಬಂದದ್ದು ಅಕ್ಕನ ನಂಬರಿನಿಂದ. ಎಲ್ಲಿದ್ದೀರಿ ಎಂದು ಕಿರುಚಿದೆ.

“ಇವ ಚೀಟಿ ಮಾಡ್ಸಾಕ ಹೋಗ್ಯಾನ, ಇವನ ಫೋನ್ ನನ್ನ ತಲಿದಿಂಬಿನ ಕೆಳಗ ಅದ. ಅದು ಬಡ್ಕೊಂಡ್ರ ಸಿಸ್ಟರ್ ಬೈತಾರ.” ಆಕೆಯ ದನಿ ಸಣ್ಣಗಿತ್ತು, ಹಿಂದೆ ಯಂತ್ರ ಗುಂಯ್ ಎನ್ನುತ್ತಿತ್ತು. “ಏರಿನಾಗ ಕಣ್ಣ ಮುಚ್ಚಿ ಕೇಳೀನಿ. ನನ್ನ ಎದಿ ಬಡ್ಯೂದು ಬಿಟ್ರ ಏನೂ ಕೇಳ್ಲಿಲ್ಲ. ಸೂಜಿ ಹಾಕ್ಯಾರ. ಇನ್ನ ನಾಕು ತಾಸು ನಾ ಎಲ್ಲಿಗೂ ಹೋಗಂಗಿಲ್ಲ. ನೀ ನಿನ್ನ ಕೆಲಸ ನೋಡವ್ವ.”

ಉಸ್ತಾದರು ನನ್ನ ಮುಖವನ್ನೇ ನೋಡುತ್ತಿದ್ದರು. ಮುಟ್ಟಿದರಂತೆ ಎಂದೆ. ಅವರು ತಲೆಯಾಡಿಸಿ ಟ್ರ್ಯಾಕ್ಟರಿನ ಕೆಳಗೆ ಹೋಗಿ ಮಲಗಿದರು. ಇನ್ನು ಅದೇ ಏರುಗಳನ್ನು ಹತ್ತಿ ಅವರು ಮರಳಬೇಕಿತ್ತು. ಆ ಸಂಜೆ ಗಾಡಿ ಸುರಪುರದ ಕಡೆ ಹಾದುಹೋಗುವವರೆಗೆ ನಾವಿಬ್ಬರೂ ಶಟರ್ ಎಳೆಯುವ ಮಾತೆತ್ತಲಿಲ್ಲ.